ವೋಟು ಹಾಕಿದ ಮಾರನೇ ದಿನ

ಕೇಳುಗರೆಲ್ಲರಿಗೂ ನಮಸ್ಕಾರ.

ಮಂಡ್ಯದ ಜನಕ್ಕೆ ವೋಟು ಹಾಕಿ ಅಂತ ಯಾರೂ ಬುದ್ಧಿ ಹೇಳಬೇಕಾಗಿಲ್ಲ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯ ಕ್ಷೇತ್ರದಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಮತ ಹಾಕಿದರು. ಅದೇ ದಿನ ಬೆಂಗಳೂರು ದಕ್ಷಿಣದಲ್ಲಿ ಮತ ಹಾಕಿದವರು ನೂರಕ್ಕೆ 53ರ ಆಸುಪಾಸು. ಏಪ್ರಿಲ್ ತಿಂಗಳ ಕೊನೆ, ನೆತ್ತಿ ಸುಡುವ ಬಿಸಿಲು. ಆದರೂ ವಯಸ್ಸಾದವರು ಮೊಮ್ಮಕ್ಕಳ ಹೆಗಲು ಹಿಡಿದುಕೊಂಡು ಬೂತಿಗೆ ಬಂದರು. ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗರು ಹಿಂದಿನ ರಾತ್ರಿಯೇ ಬಸ್ಸು ಹತ್ತಿ ಊರು ಸೇರಿಕೊಂಡರು.

ಇದೇ ಊರುಗಳಲ್ಲಿ ಒಂದು ಗ್ರಾಮ ಸಭೆ ಕರೆದರೆ ಏನಾಗುತ್ತದೆ? ಶಾಲೆ ಅಂಗಳದಲ್ಲಿ ಶಾಮಿಯಾನ ಹಾಕಿರುತ್ತಾರೆ. ಪ್ಲಾಸ್ಟಿಕ್ ಕುರ್ಚಿ ಸಾಲಾಗಿ ಇಟ್ಟಿರುತ್ತಾರೆ. ಮುಂದಿನ ಎರಡು ಸಾಲು ಭರ್ತಿ, ಹಿಂದೆಲ್ಲ ಖಾಲಿ. ಕೋರಂ, ಅಂದರೆ ಸಭೆ ನಡೆಸಲು ಬೇಕಾದಷ್ಟು ಜನ, ಆಗಲಿಲ್ಲ ಅಂತ ಸಹಿ ಪುಸ್ತಕ ಹಿಡಿದು ಮನೆ ಮನೆಗೆ ಹೋಗಿ ರುಜು ಹಾಕಿಸಿಕೊಂಡು ಬರುವುದೂ ಉಂಟು. ಐದು ವರ್ಷಕ್ಕೊಮ್ಮೆ ಅಷ್ಟು ಹುಮ್ಮಸ್ಸಿನಿಂದ ಸಾಲು ನಿಲ್ಲುವ ಜನ, ತಮ್ಮ ಬೀದಿಯ ದುಡ್ಡಿನ ಲೆಕ್ಕ ಹೇಳುವ ದಿನ ಯಾಕೆ ಬರುವುದಿಲ್ಲ? ಇವತ್ತು ಇದರ ಬಗ್ಗೆ ನಿಮ್ಮ ಜೊತೆ ಸ್ವಲ್ಪ ಮಾತಾಡಬೇಕು.

ಬಡ ದೇಶಕ್ಕೆ ಪ್ರಜಾಪ್ರಭುತ್ವ ದಕ್ಕುತ್ತದಾ ಎನ್ನುವ ಅನುಮಾನ ಹಳೆಯದು. 1951ರ ಜನಗಣತಿಯ ಪ್ರಕಾರ ಈ ದೇಶದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಅಂಥ ದೇಶ 21 ವರ್ಷ ತುಂಬಿದ ಎಲ್ಲರ ಕೈಗೂ ವೋಟು ಕೊಟ್ಟಿತು. ಇಂಗ್ಲೆಂಡಿನಂಥ ದೇಶದಲ್ಲೇ ಹೆಂಗಸರಿಗೆ ಗಂಡಸರಷ್ಟೇ ಮತದಾನದ ಹಕ್ಕು ಸಿಕ್ಕಿದ್ದು 1928ರಲ್ಲಿ. ಸ್ವಿಟ್ಜರ್‌ಲೆಂಡಿನ ಹೆಂಗಸರು ದೇಶದ ಚುನಾವಣೆಯಲ್ಲಿ ಮತ ಹಾಕಲು 1971ರವರೆಗೆ ಕಾಯಬೇಕಾಯಿತು. ಇಂಗ್ಲೆಂಡಿನಲ್ಲಿ ವೋಟು ಸಿಕ್ಕಿದ್ದು ಮೊದಲು ಆಸ್ತಿ ಇದ್ದವರಿಗೆ, ಆಮೇಲೆ ಉಳಿದ ಗಂಡಸರಿಗೆ, ಕೊನೆಗೆ ಹೆಂಗಸರಿಗೆ. ನಮ್ಮಲ್ಲಿ ಗದ್ದೆಯ ಒಡೆಯ, ಆ ಗದ್ದೆಯಲ್ಲಿ ನಾಟಿ ಹಾಕುವ ಕೂಲಿಯಾಳು, ಇಬ್ಬರಿಗೂ ಒಂದೇ ದಿನ, ಒಂದೇ ವೋಟು.

ಮೊದಲ ಮಹಾ ಚುನಾವಣೆಯನ್ನು ನಡೆಸಿದವರು ಸುಕುಮಾರ ಸೇನ್, ನಮ್ಮ ಮೊದಲ ಮುಖ್ಯ ಚುನಾವಣಾ ಆಯುಕ್ತರು. ಓದಲು ಬಾರದವರಿಗೆ ಗೊತ್ತಾಗಲಿ ಅಂತ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು, ಪೆಟ್ಟಿಗೆ ಮೇಲೆ ಅವರವರ ಗುರುತು ಅಂಟಿಸಿದರು. ಮತದಾರರ ಪಟ್ಟಿ ಬರೆಯಲು ಹೋದವರಿಗೆ ಇನ್ನೊಂದು ತೊಡಕು ಎದುರಾಯಿತು. ಉತ್ತರದ ಕಡೆಯ ಎಷ್ಟೋ ಹೆಂಗಸರು ಸ್ವಂತ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ಮಗಳು ಅಂತ ಬರೆಸಿದರು. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸುವುದಿಲ್ಲ ಅಂತ ಆಯೋಗ ಗಟ್ಟಿಯಾಗಿ ನಿಂತಿತು. ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿಟ್ಟುಹೋಯಿತು. ಆಗ ಅದು ಕಠಿಣ ಅನ್ನಿಸಿದ್ದಿರಬೇಕು. ನನಗೆ ಅದು ಸರಿ ಅಂತಲೇ ಕಾಣುತ್ತದೆ. ಮತದಾರಳು ಅಂದಮೇಲೆ ಅವಳಿಗೆ ಅವಳದೇ ಹೆಸರು ಇರಬೇಕು, ಅಲ್ವಾ?

ಹತ್ತಿರ ಹತ್ತಿರ ನಮ್ಮ ಕಾಲಕ್ಕೇ ಸ್ವತಂತ್ರವಾದ ಎಷ್ಟೋ ದೇಶಗಳಲ್ಲಿ ಈ ಪ್ರಯತ್ನ ನಡುದಾರಿಯಲ್ಲೇ ನಿಂತುಹೋಯಿತು. ಬರ್ಮಾದಲ್ಲಿ 1962ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ಘಾನಾದಲ್ಲಿ 1966ರಲ್ಲಿ. ಪಾಕಿಸ್ತಾನದಲ್ಲಿ ವಯಸ್ಕರೆಲ್ಲ ಮತ ಹಾಕಿದ ಮೊದಲ ಸಾರ್ವತ್ರಿಕ ಚುನಾವಣೆ ನಡೆದದ್ದೇ 1970ರಲ್ಲಿ. ನಮ್ಮಲ್ಲೂ 1975ರಿಂದ 77ರವರೆಗೆ ತುರ್ತು ಪರಿಸ್ಥಿತಿ ಇತ್ತು. ಆದರೆ ಚುನಾವಣೆ ಬಂತು, ಸರ್ಕಾರ ಬದಲಾಯಿತು, ಸೋತವರು ಇಳಿದು ಹೋದರು. ಇದು ಸಣ್ಣ ಮಾತಲ್ಲ.

ನಮ್ಮ ಮೈಸೂರು ಸೀಮೆಗೆ ಇದರಲ್ಲಿ ಇನ್ನೂ ಹಳೆಯ ನಂಟಿದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆ ಕರೆದರು. ಮೊದಲ ಸಭೆಗೆ 144 ಮಂದಿ ಬಂದರು. ಮೈಸೂರಿನಲ್ಲಿ ದೊಡ್ಡ ಗಡಿಯಾರದ ಹತ್ತಿರ ಇರುವ ಪುರಭವನಕ್ಕೆ ಅವರ ಹೆಸರೇ ಇದೆ. ದಸರಾ ಸಮಯದಲ್ಲಿ ತಾಲ್ಲೂಕುಗಳಿಂದ ಜಮೀನುದಾರರು, ವರ್ತಕರು ಬಂದು ಸೇರುತ್ತಿದ್ದರು. ದಿವಾನರು ವರ್ಷದ ವರದಿ ಓದುತ್ತಿದ್ದರು. ಬಂದವರು ಎದ್ದು ನಿಂತು ತಮ್ಮ ಕಡೆಯ ಕೆರೆ, ರಸ್ತೆ, ಕಂದಾಯದ ಅಹವಾಲು ಹೇಳಿಕೊಳ್ಳುತ್ತಿದ್ದರು. ಕೇಳಿಸಿಕೊಳ್ಳುವ ಸರ್ಕಾರ ಒಂದಿತ್ತಲ್ಲ, ಆ ಕಾಲಕ್ಕೆ ಅದು ದೊಡ್ಡ ಸಂಗತಿ. ಆದರೆ ಆ ಸಭೆಗೆ ಒಂದು ತೆರಿಗೆಯನ್ನು ಬೇಡ ಅನ್ನುವ ಅಧಿಕಾರ ಇರಲಿಲ್ಲ. ಹೇಳಿಕೊಳ್ಳಬಹುದಿತ್ತು, ಅಷ್ಟೇ. ಕೊಡುವುದು ಬಿಡುವುದು ಮೇಲಿನವರ ಮರ್ಜಿ.

ಇದು ಸಾಲದು ಅಂತ ಜನ ಎದ್ದರು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಕಾಂಗ್ರೆಸ್ಸಿನ ಬಾವುಟ ಹಾರಿಸಬಾರದು ಅಂತ ಸರ್ಕಾರದ ನಿಷೇಧ ಇತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಸೇರಿದ ಸಾವಿರಾರು ಜನರ ಮುಂದೆ ಬಾವುಟ ಏರಿತು. ನಾಯಕರನ್ನು ಬಂಧಿಸಿದರು. ಹಳೆ ಬೆಂಗಳೂರು ಮೈಸೂರು ರಸ್ತೆಯಲ್ಲಿ ಮದ್ದೂರು ದಾಟುವಾಗ ಕಾಣುವ ಸತ್ಯಾಗ್ರಹ ಸೌಧ ಅದರ ನೆನಪಿಗೆ ಕಟ್ಟಿದ್ದು. ಅವರು ಬೇಡಿದ್ದು ಜವಾಬ್ದಾರಿ ಸರ್ಕಾರ, ಅಂದರೆ ಜನಕ್ಕೆ ಲೆಕ್ಕ ಒಪ್ಪಿಸುವ ಸರ್ಕಾರ. ಅದು ಸಿಕ್ಕಿದ್ದು 1947ರ ಅಕ್ಟೋಬರ್‌ನಲ್ಲಿ, ಮೈಸೂರು ಚಲೋ ಚಳವಳಿಯ ನಂತರ, ದೇಶಕ್ಕೆ ಸ್ವಾತಂತ್ರ್ಯ ಬಂದು ಎರಡು ತಿಂಗಳಾದ ಮೇಲೆ. ಆ ಚಳವಳಿಯಲ್ಲಿ ಗುಂಡೇಟಿಗೆ ಬಲಿಯಾದ ಹುಡುಗನೊಬ್ಬನ ಹೆಸರು ಮೈಸೂರಿನವರ ಬಾಯಲ್ಲಿ ದಿನಾ ಬರುತ್ತದೆ. ರಾಮಸ್ವಾಮಿ ಸರ್ಕಲ್ಲಿನ ರಾಮಸ್ವಾಮಿ ಎಂದರೆ ಆ ವಿದ್ಯಾರ್ಥಿ. ಅಲ್ಲಿ ಬಸ್ಸು ಇಳಿಯುವ ಕಾಲೇಜು ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಹೇಳಿಕೊಳ್ಳುವುದರಿಂದ ಲೆಕ್ಕ ಕೇಳುವುದರ ಕಡೆಗೆ ನಮ್ಮ ಹಿರಿಯರು ಹೊರಟರು. ನಾವು ಎಲ್ಲಿಗೆ ಬಂದಿದ್ದೇವೆ? ಬೆಳಗಾಗುವ ಮುಂಚೆ ಯಾವುದೇ ಶಾಸಕರ ಮನೆ ಮುಂದೆ ಹೋಗಿ ನೋಡಿ. ಕೈಯಲ್ಲಿ ಮನವಿ ಪತ್ರ ಹಿಡಿದವರು, ಮಗನ ಕೆಲಸಕ್ಕೆ ಶಿಫಾರಸು ಕೇಳಲು ಬಂದವರು, ಆಸ್ಪತ್ರೆ ಖರ್ಚಿಗೆ ಅಂತ ನಿಂತವರು. ಪಾಪ, ಅವರ ಕಷ್ಟ ನಿಜವಾದದ್ದು, ಅವರನ್ನು ದೂರಲು ನನಗೆ ಮನಸ್ಸಿಲ್ಲ. ಆದರೆ ಪಿಂಚಣಿ ಕೊಡಿಸಿ ಪುಣ್ಯ ಕಟ್ಟಿಕೊಳ್ಳಿ ಅಂತ ಕೈ ಮುಗಿಯುವ ಅಜ್ಜಿಗೆ, ಆ ಪಿಂಚಣಿ ಕಾನೂನಿನಂತೆ ತನಗೆ ಬರಬೇಕಾದದ್ದು ಅಂತ ನಾವ್ಯಾರೂ ಹೇಳಿಕೊಟ್ಟಿಲ್ಲ. ಹಕ್ಕನ್ನು ದಾನದ ಹಾಗೆ ಕೊಟ್ಟು, ದಾನದ ಹಾಗೆ ತೆಗೆದುಕೊಳ್ಳುವ ಅಭ್ಯಾಸ ಇರುವ ತನಕ ಕೊಟ್ಟವನು ಒಡೆಯ, ತೆಗೆದುಕೊಂಡವನು ಋಣಿ. ಆ ಋಣ ತೀರುವುದು ವೋಟಿನಲ್ಲಿ.

ಹಾಗಂತ ನಮ್ಮ ಮತದಾರರಿಗೆ ತಿಳಿವಳಿಕೆ ಇಲ್ಲ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. 1984ರ ಡಿಸೆಂಬರ್‌ನಲ್ಲಿ ಕರ್ನಾಟಕದ ಜನ ಲೋಕಸಭೆಯ 28 ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಅದೇ ಜನ ವಿಧಾನಸಭೆಯಲ್ಲಿ ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ನಡುವೆ ಮೂರು ತಿಂಗಳೂ ಇಲ್ಲ. ದಿಲ್ಲಿಗೆ ಯಾರು ಬೇಕು, ರಾಜ್ಯಕ್ಕೆ ಯಾರು ಬೇಕು ಅಂತ ಬೇರೆ ಬೇರೆಯಾಗಿ ತೂಗಿ ನೋಡಿದರು. ಆ ಮತದಾರರಲ್ಲಿ ಸಹಿ ಹಾಕಲು ಬಾರದವರು ಎಷ್ಟೋ ಮಂದಿ ಇದ್ದರು. ಓದಿದವರಿಗೆ ಮಾತ್ರ ವೋಟು ಇರಬೇಕು ಅಂತ ಈಗಲೂ ಕೆಲವರು ಹೇಳುತ್ತಾರೆ. ಓದಿದವರೇ ಜಾಸ್ತಿ ಇರುವ ಬಡಾವಣೆಗಳಲ್ಲಿ ಮತಗಟ್ಟೆಗಳು ಖಾಲಿ ಹೊಡೆಯುವುದನ್ನು ಅವರು ಒಮ್ಮೆ ನೋಡಬೇಕು.

ಹೆಗಡೆಯವರ ಸರ್ಕಾರದಲ್ಲಿ ಗ್ರಾಮೀಣಾಭಿವೃದ್ಧಿ ಖಾತೆ ನೋಡಿಕೊಂಡವರು ಅಬ್ದುಲ್ ನಜೀರ್ ಸಾಬ್. ಗುಂಡ್ಲುಪೇಟೆಯವರು. ಅದು ಆಗ ಮೈಸೂರು ಜಿಲ್ಲೆಯೇ. ಬರಗಾಲದಲ್ಲಿ ಊರೂರಿಗೆ ಬೋರ್‌ವೆಲ್ ಕೊರೆಸಿ ನೀರ್ ಸಾಬ್ ಅಂತ ಹೆಸರಾದರು. ಅವರು ಮಾಡಿದ ಇನ್ನೂ ದೊಡ್ಡ ಕೆಲಸ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳದ್ದು. 1987ರಲ್ಲಿ ಚುನಾವಣೆ ನಡೆದಾಗ ನಾಲ್ಕನೇ ಒಂದು ಭಾಗ ಸ್ಥಾನ ಹೆಂಗಸರಿಗೆ ಮೀಸಲಿತ್ತು. ಪಂಚಾಯಿತಿ ಚುನಾವಣೆ, ಹೆಂಗಸರ ಮೀಸಲಾತಿ ಎರಡನ್ನೂ ದೇಶಕ್ಕೆಲ್ಲ ಕಡ್ಡಾಯ ಮಾಡುವ ಸಂವಿಧಾನದ 73ನೇ ತಿದ್ದುಪಡಿ ಬಂದು ಜಾರಿಯಾದದ್ದು 1993ರಲ್ಲಿ, ಅಂದರೆ ನಮ್ಮ ರಾಜ್ಯ ಆರು ವರ್ಷ ಮುಂದಿತ್ತು. ಇವತ್ತು ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಪಂಚಾಯಿತಿ ಸದಸ್ಯರಿಗೆ ತರಬೇತಿ ಕೊಡುವ ರಾಜ್ಯ ಮಟ್ಟದ ಸಂಸ್ಥೆ ಮೈಸೂರಿನಲ್ಲೇ ಇದೆ, ನಜೀರ್ ಸಾಬ್ ಅವರ ಹೆಸರಿನಲ್ಲೇ ಇದೆ.

ಕಾನೂನು ಚೆನ್ನಾಗಿದೆ. ಕನ್ನಂಬಾಡಿ ಕಟ್ಟೆ ತುಂಬಿದರೂ ನಾಲೆಯ ಕೊನೆ ಭಾಗದ ಗದ್ದೆಗೆ ನೀರು ತಲುಪುತ್ತದೆ ಅಂತ ಖಾತ್ರಿ ಇಲ್ಲ. ಅಧಿಕಾರದ ಕಥೆಯೂ ಹಾಗೇ ಆಗಿದೆ.

ಮದ್ದೂರು ಕಡೆಯ ಒಂದು ಗ್ರಾಮ ಸಭೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ವೇದಿಕೆ ಮೇಲೆ ಅಧ್ಯಕ್ಷೆ, ಪಿಡಿಒ ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ನೋಡಲ್ ಅಧಿಕಾರಿ. ಕೃಷಿ ಇಲಾಖೆಯವರು, ಆರೋಗ್ಯ ಇಲಾಖೆಯವರು, ಕರೆಂಟ್ ಆಫೀಸಿನವರು ಒಬ್ಬೊಬ್ಬರಾಗಿ ಎದ್ದು ತಮ್ಮ ತಮ್ಮ ಯೋಜನೆಗಳನ್ನು ಓದಿದರು. ಒಂದು ಗಂಟೆ ಹೀಗೇ ಹೋಯಿತು. ಮುಂದಿನ ಕುರ್ಚಿಗಳಲ್ಲಿ ಬಿಳಿ ಅಂಗಿಯವರು. ಹಿಂದೆ ಕುರ್ಚಿ ಖಾಲಿ ಇದ್ದರೂ ಕಾಲೋನಿಯಿಂದ ಬಂದವರು ಹೊಂಗೆ ಮರದ ಕೆಳಗೆ ನಿಂತೇ ಇದ್ದರು. ಯಾರೂ ಕೂರಬೇಡಿ ಅನ್ನಲಿಲ್ಲ. ಬನ್ನಿ ಕೂತ್ಕೊಳ್ಳಿ ಅಂತಲೂ ಯಾರೂ ಅನ್ನಲಿಲ್ಲ. 1949ರ ನವೆಂಬರ್ 25ರಂದು ಅಂಬೇಡ್ಕರ್ ಅವರು ಸಂವಿಧಾನ ಸಭೆಯಲ್ಲಿ ಎಚ್ಚರಿಸಿದ್ದು ಇದನ್ನೇ. ರಾಜಕೀಯದಲ್ಲಿ ಎಲ್ಲರಿಗೂ ಒಂದೇ ಬೆಲೆ, ಸಮಾಜದ ಬದುಕಿನಲ್ಲಿ ಮಾತ್ರ ಹಾಗಿಲ್ಲ. ಈ ಅಂತರ ಹೀಗೇ ಉಳಿದರೆ ಕಟ್ಟಿದ್ದೆಲ್ಲ ಕುಸಿಯುತ್ತದೆ ಅಂದಿದ್ದರು. ಆ ಮಾತು ಎಲ್ಲೋ ದಿಲ್ಲಿಯದು ಅಂತ ನನಗೆ ಆ ದಿನ ಅನ್ನಿಸಲಿಲ್ಲ.

ಅಷ್ಟರಲ್ಲಿ ಸ್ತ್ರೀ ಶಕ್ತಿ ಸಂಘದ ಹೆಂಗಸೊಬ್ಬರು ಎದ್ದರು. "ಸಾರ್, ಹೋದ ಸಭೇಲಿ ನಮ್ ಬೀದಿ ಚರಂಡಿ ಮಾಡ್ತೀವಿ ಅಂತ ಬರ್ಕೊಂಡ್ರಲ್ಲ, ಆ ಪುಸ್ತಕ ಒಂಚೂರು ಓದಿ" ಅಂದರು. ಮುಂದಿನ ಸಾಲಿನಿಂದ ಒಬ್ಬರು ತಿರುಗಿ, "ಕೂತ್ಕೊಳಮ್ಮ, ಊಟದ ಹೊತ್ತಾಯ್ತು" ಅಂದರು. ಆಕೆ ಕೂರಲಿಲ್ಲ. "ಊಟ ಮನೇಲೂ ಅದೆ ಕನಣ್ಣ, ಓದ್ಲಿ" ಅಂದರು.

ಪಿಡಿಒ ನಡವಳಿ ಪುಸ್ತಕ ತರಿಸಿ ಓದಿದರು. ಚರಂಡಿ ಕೆಲಸದ ಠರಾವು ಆಗಿತ್ತು. ಆದರೆ ಅದು ವರ್ಷದ ಕ್ರಿಯಾ ಯೋಜನೆಗೆ ಸೇರಿರಲೇ ಇಲ್ಲ. ಕ್ರಿಯಾ ಯೋಜನೆಯಲ್ಲಿ ಇಲ್ಲದ ಕೆಲಸಕ್ಕೆ ದುಡ್ಡು ಬರುವುದಿಲ್ಲ. ಸಭೆಯಲ್ಲಿ ಇದ್ದವರಿಗೆ ಎರಡರ ನಡುವಿನ ವ್ಯತ್ಯಾಸ ಅವತ್ತೇ ಮೊದಲ ಸಲ ಸರಿಯಾಗಿ ಅರ್ಥವಾದ ಹಾಗಿತ್ತು. ಮರದ ಕೆಳಗಿದ್ದ ಒಬ್ಬ ಹುಡುಗ, "ಹಂಗಾರೆ ನಮ್ ಕಾಲೋನಿ ನೀರಿನ ಟ್ಯಾಂಕು?" ಅಂದ. ಅದನ್ನೂ ಹುಡುಕಿದರು. ಊಟ ಒಂದು ಗಂಟೆ ತಡವಾಯಿತು. ಚರಂಡಿ, ಟ್ಯಾಂಕು ಎರಡೂ ಮುಂದಿನ ಯೋಜನೆಯ ಪಟ್ಟಿಗೆ ಏರಿದವು. ಆ ಹುಡುಗ ವೇದಿಕೆ ಹತ್ತಿರ ಹೋಗಿ, ಬರೆದದ್ದನ್ನು ಮೊಬೈಲಿನಲ್ಲಿ ಫೋಟೋ ಹೊಡೆದುಕೊಂಡ.

ನಾನು ಪ್ರಬುದ್ಧತೆ ಅಂತ ಕರೆಯುವುದು ಇದನ್ನು. ಕೂಗಾಟ ಇಲ್ಲ, ಕುರ್ಚಿ ಎಸೆತ ಇಲ್ಲ, ಕೈ ಮುಗಿಯುವುದೂ ಇಲ್ಲ. ಪುಸ್ತಕ ತೆಗೆದು ಓದಿ ಅನ್ನುವುದು. ಇದಕ್ಕೆ ಪದವಿ ಬೇಕಾಗಿಲ್ಲ, ಶ್ರೀಮಂತಿಕೆಯೂ ಬೇಕಾಗಿಲ್ಲ. ಧೈರ್ಯ ಬೇಕು, ಅರ್ಧ ದಿನದ ಕೂಲಿ ಬಿಡಲು ಬೇಕಾದ ಅನುಕೂಲ ಬೇಕು. ಈ ಎರಡನೆಯದನ್ನು ನಾವು ಮರೆಯುತ್ತೇವೆ. ಹಗಲು ಹನ್ನೊಂದು ಗಂಟೆಗೆ ಸಭೆ ಕರೆದರೆ ಕೂಲಿಯವರು ಹೇಗೆ ಬರುತ್ತಾರೆ? ಸಭೆಯ ಹೊತ್ತನ್ನು ಸಂಜೆಗೆ ಇಟ್ಟುಕೊಳ್ಳಿ ಅಂತ ಕೇಳುವುದು ಕೂಡ ಜನರ ಕೆಲಸವೇ.

ಇದಕ್ಕೆ ವಿರುದ್ಧವಾದ ದಾರಿಯನ್ನೂ ನಾವು ಕಂಡಿದ್ದೇವೆ. 2020ರ ಗ್ರಾಮ ಪಂಚಾಯಿತಿ ಚುನಾವಣೆ ಹೊತ್ತಿನಲ್ಲಿ ರಾಜ್ಯದ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ಹೆಚ್ಚು ದುಡ್ಡು ಕೂಗಿದವರು ಅವಿರೋಧ ಆಯ್ಕೆ. ದುಡ್ಡು ದೇವಸ್ಥಾನಕ್ಕೆ ಹೋಗುತ್ತದೆ, ಊರಲ್ಲಿ ಜಗಳ ಇರುವುದಿಲ್ಲ, ಏನು ತಪ್ಪು ಅಂತ ಕೇಳಿದವರಿದ್ದಾರೆ. ತಪ್ಪು ಇದೆ. ಕೂಗಲು ದುಡ್ಡಿಲ್ಲದವರ ಪಾಲಿನ ಚುನಾವಣೆ ಅಲ್ಲಿಗೆ ಮುಗಿಯಿತು. ಹರಾಜಿನಲ್ಲಿ ಕೊಂಡವರು ಮುಂದೆ ಯಾರಿಗೆ ಲೆಕ್ಕ ಕೊಡುತ್ತಾರೆ? ದೇವರ ಹೆಸರು ಹೇಳಿದರೆ ಈ ವ್ಯಾಪಾರ ಶುದ್ಧವಾಗುವುದಿಲ್ಲ.

ಜಗಳದ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ. ನಮ್ಮ ಹಳ್ಳಿಗಳಲ್ಲಿ ಚುನಾವಣೆ ಆದಮೇಲೆ ಊರು ಎರಡು ಪಾರ್ಟಿ ಆಗುತ್ತದೆ. ಆ ಪಾರ್ಟಿಯವರ ಮನೆ ಮದುವೆಗೆ ಈ ಪಾರ್ಟಿಯವರು ಹೋಗುವುದಿಲ್ಲ. ಸಾವಿಗೂ ಹೋಗದ ಊರುಗಳಿವೆ. ಗೆದ್ದ ಕಡೆಯವರ ಬೀದಿಗೆ ಮೊದಲು ಕಾಂಕ್ರೀಟು, ಸೋತ ಕಡೆಯವರ ಉದ್ಯೋಗ ಖಾತ್ರಿ ಕೆಲಸದ ಅರ್ಜಿ ಮೇಜಿನ ಮೇಲೆ. ಅಣ್ಣ ತಮ್ಮಂದಿರೇ ಹಾಲಿನ ಡೈರಿಯಲ್ಲಿ ಮುಖ ತಿರುಗಿಸಿಕೊಂಡು ಕ್ಯಾನು ಸುರಿದು ಹೋಗುತ್ತಾರೆ. ಸೋತರೆ ಇಷ್ಟೆಲ್ಲ ಕಳೆದುಕೊಳ್ಳಬೇಕು ಅಂತಾದರೆ ಗೆಲ್ಲಲು ಮನುಷ್ಯ ಏನು ಬೇಕಾದರೂ ಮಾಡುತ್ತಾನೆ. ಹೆಂಡ ಹಂಚುತ್ತಾನೆ, ನೋಟು ಹಂಚುತ್ತಾನೆ, ಜಮೀನು ಅಡ ಇಡುತ್ತಾನೆ. ಸೋತವರ ಬೀದಿಗೂ ಸರದಿ ಪ್ರಕಾರ ನೀರು ಬಿಡುವ ಒಬ್ಬ ಅಧ್ಯಕ್ಷ ಇದ್ದರೆ ಆ ಊರಿನ ಮುಂದಿನ ಚುನಾವಣೆಯೇ ಸ್ವಲ್ಪ ತಣ್ಣಗಾಗುತ್ತದೆ. ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ, ಅಂಥ ಊರುಗಳು ಮಂಡ್ಯ ಜಿಲ್ಲೆಯಲ್ಲಿವೆ.

ಹೆಂಗಸರ ಮೀಸಲಾತಿ ಬಗ್ಗೆ ಒಂದು ಮಾತು. ಅಧ್ಯಕ್ಷೆ ಹೆಸರಿಗೆ ಮಾತ್ರ, ಅಧಿಕಾರ ಎಲ್ಲ ಗಂಡನದು ಅನ್ನುವ ದೂರು ಇದೆ. ಎಷ್ಟೋ ಕಡೆ ಅದು ನಿಜ. ಗಂಡ ಬಂದು ಪಂಚಾಯಿತಿ ಕುರ್ಚಿಯಲ್ಲಿ ಕೂರುತ್ತಾನೆ, ಹೆಂಡತಿ ರುಜು ಮಾಡುತ್ತಾಳೆ. ಅದಕ್ಕೆ ಮೀಸಲಾತಿ ತೆಗೆಯಬೇಕು ಅನ್ನುವವರಿಗೆ ಆ 28 ಲಕ್ಷ ಹೆಂಗಸರ ಕಥೆ ಹೇಳಬೇಕು. ಸ್ವಂತ ಹೆಸರು ಹೇಳಲು ಹಿಂಜರಿದವರ ಮನೆಯ ಮೊಮ್ಮಕ್ಕಳು ಇವತ್ತು ಅಭ್ಯರ್ಥಿಗಳಾಗಿ ನಿಲ್ಲುತ್ತಿದ್ದಾರೆ. ಗಂಡನನ್ನು ಸಭೆಯಿಂದ ಹೊರಗೆ ಕೂರಿಸುವ ಕೆಲಸವನ್ನು ಅಧಿಕಾರಿಗಳು ಕಡ್ಡಾಯವಾಗಿ ಮಾಡಲಿ. ಆಕೆ ಕಲಿಯುತ್ತಾಳೆ.

ನನಗೆ ತುಂಬ ನೋವಾಗಿರುವ ಇನ್ನೊಂದು ಸಂಗತಿ ಇದೆ. ನಮ್ಮ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿಯಿತು. ಐದು ವರ್ಷ ಮುಗಿಯುವುದರೊಳಗೆ ಚುನಾವಣೆ ಆಗಲೇಬೇಕು ಅಂತ ಸಂವಿಧಾನ ಹೇಳುತ್ತದೆ. ಆದರೂ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಅಧಿಕಾರಿಗಳೇ ಆಡಳಿತ ನಡೆಸಿದರು. ವಿಧಾನಸಭೆ ಚುನಾವಣೆಯನ್ನು ಹೀಗೆ ಮುಂದೂಡಿದ್ದರೆ ನಾವು ಸುಮ್ಮನಿರುತ್ತಿದ್ದೆವಾ? ಹೆದ್ದಾರಿ ತಡೆಯುತ್ತಿದ್ದೆವು. ಇದಕ್ಕೆ ಮಾತ್ರ ಊರು ಊರೇ ಮೌನವಾಗಿತ್ತು. ಕಾವೇರಿ ನೀರಿಗೆ, ಕಬ್ಬಿನ ಬೆಲೆಗೆ ಹಸಿರು ಟವೆಲ್ ಹೆಗಲಿಗೆ ಹಾಕಿ ರಸ್ತೆಗೆ ಬಂದ ಜನ ನಾವು. ನಮ್ಮ ಜಿಲ್ಲೆಯ ಬಜೆಟ್ಟಿನಲ್ಲಿ ನಮ್ಮ ಪರವಾಗಿ ಮಾತಾಡುವವರೇ ಇಲ್ಲ ಅಂದಾಗ ಯಾಕೆ ಬರಲಿಲ್ಲ?

ಮೈಸೂರಿನ ಬನ್ನಿಮಂಟಪದಲ್ಲಿ ಮತದಾನದ ಶಾಯಿ ತಯಾರಾಗುತ್ತದೆ. ನಾಲ್ವಡಿಯವರ ಕಾಲದಲ್ಲಿ, 1937ರಲ್ಲಿ ಶುರುವಾದ ಕಾರ್ಖಾನೆ. 1962ರ ಚುನಾವಣೆಯಿಂದ ಇಡೀ ದೇಶದ ಮತದಾರರ ಎಡಗೈ ತೋರುಬೆರಳಿಗೆ ಇಲ್ಲಿನ ಶಾಯಿಯೇ. ಹೊರದೇಶಗಳಿಗೂ ಹೋಗುತ್ತದೆ. ನಮಗೆಲ್ಲ ಇದು ಹೆಮ್ಮೆ. ಆ ಗುರುತು ಉಗುರಿನ ಮೇಲೆ ಕೆಲವು ವಾರ ಇರುತ್ತದೆ. ಗ್ರಾಮ ಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು ಅನ್ನುವುದು ಕಾನೂನು. ಅದಕ್ಕೆ ಮುಂಚೆ ವಾರ್ಡ್ ಸಭೆ ಆಗಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ನೂರೇ ನೂರು ಮಂದಿ ಸಾಕು. ಮನೆ ಯಾರಿಗೆ ಮಂಜೂರು ಆಗಬೇಕು ಅನ್ನುವ ಫಲಾನುಭವಿಗಳ ಆಯ್ಕೆ ಅಲ್ಲೇ ಆಗಬೇಕು. ಖರ್ಚಿನ ಲೆಕ್ಕವನ್ನು ಜನರ ಮುಂದೆ ಇಡಲು ವರ್ಷಕ್ಕೊಮ್ಮೆ ಜಮಾಬಂದಿ ಇದೆ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ, ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು.

ಮುಂದಿನ ಸಲ ನಿಮ್ಮ ಪಂಚಾಯಿತಿ ಬೋರ್ಡಿನಲ್ಲಿ ಗ್ರಾಮ ಸಭೆ ನೋಟಿಸು ಕಂಡರೆ ದಿನಾಂಕ ಬರೆದಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಬೀದಿಯಿಂದ ಐದಾರು ಜನ ಕೂಡಿ ಹೋಗಿ. ಎದುರು ಪಾರ್ಟಿಯವರು ಬರುತ್ತೇನೆ ಅಂದರೆ ಅವರನ್ನೂ ಕರೆದುಕೊಳ್ಳಿ. ಮರದ ಕೆಳಗೆ ಯಾರಾದರೂ ನಿಂತಿದ್ದರೆ ಪಕ್ಕದ ಕುರ್ಚಿಗೆ ಕರೆಯಿರಿ. ಅಧಿಕಾರಿಗಳು ಯೋಜನೆ ಓದಲು ಶುರು ಮಾಡುವ ಮೊದಲು, ಹೋದ ಸಭೆಯ ನಡವಳಿ ಓದಿ ಅಂತ ಕೇಳಿ. ಆಮೇಲೆ ಕ್ರಿಯಾ ಯೋಜನೆ ತರಿಸಿ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ.

ನಮಸ್ಕಾರ.